ಆನೆಗೆ ಬೇಕಿರುವುದು ತಂಪಾದ ರಾತ್ರಿ: ಅರಣ್ಯ ಇಲಾಖೆಗೂ ಧಾರ್ಮಿಕ ದತ್ತಿ ಇಲಾಖೆಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಧಾರ್ಮಿಕ ದತ್ತಿ ಇಲಾಖೆಯ ಆಯುಕ್ತರಿಗೆ ಮತ್ತು ಆನೆ ಸಾಕಿರುವ ದೇವಸ್ಥಾನ, ಮಠಗಳ ಆಡಳಿತ ಮಂಡಳಿಗಳಿಗೆ,

ನಮಸ್ಕಾರ.

ಬೇಸಿಗೆಯಲ್ಲಿ ಆನೆಗೆ ಏನು ವ್ಯವಸ್ಥೆ ಮಾಡಿದ್ದೀರಿ ಎಂದು ಎಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: ಕುಡಿಯಲು ನೀರಿದೆ, ದಿನಕ್ಕೆರಡು ಸಲ ಮೈ ತೊಳೆಸುತ್ತೇವೆ, ಕಲ್ಲಂಗಡಿ ಕೊಡುತ್ತೇವೆ. ಮೂರೂ ಒಳ್ಳೆಯದೇ. ಆದರೆ ಮೂರೂ ಹಗಲಿನ ಉಪಚಾರ. ಆನೆಯ ಮೈಗೇರಿದ ಬಿಸಿಯ ಬಾಕಿ ತೀರುವುದು ರಾತ್ರಿ ಹೊತ್ತು. ಕಾಡಂಚಿನ ಶಿಬಿರದ ಆನೆಗೆ ಆ ರಾತ್ರಿ ಸಿಗುತ್ತಿದೆ, ಊರೊಳಗಿನ ಆನೆಗೆ ಬಹುಪಾಲು ಸಿಗುತ್ತಿಲ್ಲ. ಮುಂದಿನ ಬೇಸಿಗೆಗೆ ನೀವು ಹೊರಡಿಸುವ ಸೂಚನೆಗಳಲ್ಲಿ ಇದನ್ನು ಸೇರಿಸಬೇಕು ಎಂದು ಕೇಳುವುದಕ್ಕೆ ಈ ಪತ್ರ.

ಲೆಕ್ಕ ಹೀಗಿದೆ. ನಾಲ್ಕು ಟನ್ ತೂಗುವ ಗಂಡಾನೆ ಸುಮ್ಮನೆ ನಿಂತಿದ್ದರೂ ಅದರೊಳಗೆ ಸುಮಾರು 1.7 ಕಿಲೋವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ. ಬಚ್ಚಲುಮನೆಯ ಗೀಸರ್ ಇಪ್ಪತ್ತನಾಲ್ಕು ಗಂಟೆಯೂ ಉರಿಯುತ್ತಿದ್ದಂತೆ. ಮೇಯುತ್ತ ನಡೆಯುತ್ತ ಇದ್ದರೆ ಇದು ಎರಡು, ಮೂರು ಪಟ್ಟಾಗುತ್ತದೆ. ಈ ಶಾಖ ಹೊರಹೋಗಬೇಕಾದದ್ದು ಚರ್ಮದ ಮೂಲಕ. ಆನೆಯ ಚರ್ಮದ ಒಟ್ಟು ವಿಸ್ತಾರ 18 ಚದರ ಮೀಟರ್ ಆಸುಪಾಸು. ಕೇಳಲು ಬಹಳ ಎನಿಸುತ್ತದೆ. ಆದರೆ ಕೆಜಿ ಲೆಕ್ಕದಲ್ಲಿ ನೋಡಿದರೆ ಮನುಷ್ಯನಿಗಿರುವ ಚರ್ಮದ ಆರನೇ ಒಂದು ಪಾಲು ಮಾತ್ರ. ಮೇಲಾಗಿ ಆನೆ ನಮ್ಮಂತೆ ಬೆವರುವುದಿಲ್ಲ; ಬೆವರಿನ ಗ್ರಂಥಿಗಳಿರುವುದು ಉಗುರುಗಳ ಬುಡದಲ್ಲಷ್ಟೇ. ನಾಯಿಯಂತೆ ತೇಕಿ ಬಿಸಿ ಕಳೆದುಕೊಳ್ಳುವುದೂ ಅದಕ್ಕೆ ಆಗದು.

ಹಾಗಾದರೆ ಅದರ ಬಳಿ ಇರುವುದೇನು? ಕಿವಿಯ ಹಿಂಬದಿಯ ರಕ್ತನಾಳಗಳಿವೆ. ಬೀಸಿದಾಗ ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಏಷ್ಯಾದ ಆನೆಯ ಕಿವಿ ಆಫ್ರಿಕಾದ ಆನೆಯದಕ್ಕಿಂತ ಚಿಕ್ಕದು, ಹಾಗಾಗಿ ಈ ಅನುಕೂಲವೂ ನಮ್ಮ ಆನೆಗೆ ಕಡಿಮೆ. ಬೆವರದಿದ್ದರೂ ಚರ್ಮದ ಮೂಲಕ ತೇವ ಹೊರಬಂದು ಆವಿಯಾಗುತ್ತದೆ, ಬಿಸಿ ಏರಿದಂತೆ ಇದು ವೇಗವಾಗಿ ಹೆಚ್ಚುತ್ತದೆ. ಬೇಸಿಗೆಯಲ್ಲಿ ಆನೆ ದಿನಕ್ಕೆ 150ರಿಂದ 200 ಲೀಟರ್ ನೀರು ಕುಡಿಯುವುದಕ್ಕೆ ಇದೂ ಒಂದು ಕಾರಣ. ಸೊಂಡಿಲಿನಿಂದ ಮೈಗೆ ನೀರು, ಕೆಸರು, ಮಣ್ಣು ಎರಚಿಕೊಳ್ಳುವುದು ಇನ್ನೊಂದು ದಾರಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ: ಆನೆ ಬಿಸಿಯನ್ನು ಹಗಲು ಮೈಯಲ್ಲಿ ಕೂಡಿಟ್ಟುಕೊಂಡು ರಾತ್ರಿ ಬಿಡುತ್ತದೆ. ನಾಲ್ಕು ಟನ್ ದೇಹ ಒಂದು ಡಿಗ್ರಿ ಬಿಸಿಯಾಗಲು ಸುಮಾರು 14,000 ಕಿಲೋಜೂಲ್ ಬೇಕು. ಅಷ್ಟನ್ನು ಒಳಗೇ ಇಟ್ಟುಕೊಂಡು, ಕತ್ತಲಾಗಿ ಗಾಳಿ ತಣಿದ ಮೇಲೆ ನಿಧಾನವಾಗಿ ಹೊರಹಾಕುತ್ತದೆ. ಥಾಯ್ಲೆಂಡಿನ ಆನೆಗಳನ್ನೂ ಜರ್ಮನಿಯ ಮ್ಯೂನಿಕ್ ಮೃಗಾಲಯದ ಆನೆಗಳನ್ನೂ ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಥಾಯ್ ಆನೆಗಳ ಮೈಯುಷ್ಣ ದಿನಕ್ಕೆ ಒಂದು ಡಿಗ್ರಿಗೂ ಮಿಕ್ಕಿ ಏರಿಳಿಯುತ್ತಿತ್ತು, ಮ್ಯೂನಿಕ್‌ನಲ್ಲಿ ಅದರ ಅರ್ಧದಷ್ಟು. ಥಾಯ್ ಆನೆಗಳು ಬೆಳಗಿನ ಜಾವಕ್ಕೆ ಮೈಯನ್ನು ಹೆಚ್ಚು ತಣಿಸಿಟ್ಟುಕೊಂಡು ಮಾರನೆಯ ಹಗಲಿಗೆ ಜಾಗ ಮಾಡಿಕೊಳ್ಳುತ್ತಿದ್ದವು.

ರಾತ್ರಿ ತಣಿಯಲಾಗದ ಆನೆ ಬೆಳಗ್ಗೆಯೇ ಅರ್ಧ ತುಂಬಿದ ಕೊಡ. ಮೂರು, ನಾಲ್ಕು ದಿನ ಹೀಗೇ ಆದರೆ ನಾಲ್ಕನೆಯ ದಿನದ ಬಿಸಿಲು ಮೊದಲ ದಿನದಷ್ಟೇ ಇದ್ದರೂ ಪೆಟ್ಟು ಬೇರೆ. ಹವಾಮಾನ ಬದಲಾವಣೆಯಲ್ಲಿ ನಾವು ಮಧ್ಯಾಹ್ನದ ಗರಿಷ್ಠ ಉಷ್ಣಾಂಶವನ್ನೇ ನೋಡುತ್ತ ಕೂರುತ್ತೇವೆ. ಆನೆ ಸಾಕುವವರು ನೋಡಬೇಕಾದದ್ದು ಕನಿಷ್ಠ ಉಷ್ಣಾಂಶವನ್ನು.

ಸಕ್ರೆಬೈಲು ಶಿಬಿರದಲ್ಲಿ ಸಂಜೆಗೆ ಆನೆಗಳನ್ನು ಕಾಲಿಗೆ ಉದ್ದ ಸರಪಳಿ ಬಿಟ್ಟು ಕಾಡಿಗೆ ಮೇಯಲು ಕಳಿಸಿ, ಬೆಳಗ್ಗೆ ಮಾವುತರು ಮತ್ತು ಅವರ ಸಹಾಯಕರಾದ ಕಾವಾಡಿಗಳು ಹುಡುಕಿ ಕರೆತರುವ ಪದ್ಧತಿ ಇದೆ. ಇದನ್ನು ಮೇವಿನ ಖರ್ಚು ಉಳಿಸುವ ವ್ಯವಸ್ಥೆ ಎಂದು ಕೆಲವರು ನೋಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಬೇಸಿಗೆಯ ಅತ್ಯುತ್ತಮ ಚಿಕಿತ್ಸೆ ಇದೇ. ಇಬ್ಬನಿ ಬಿದ್ದ ಹುಲ್ಲು, ಹಸಿ ನೆಲ, ತೆರೆದ ಆಕಾಶ, ಬೇಕೆಂದಲ್ಲಿ ಕೆಸರು. ಪ್ರವಾಸಿಗರಿಗಾಗಿಯೋ ಕಾವಲಿನ ಅನುಕೂಲಕ್ಕಾಗಿಯೋ ಇದನ್ನು ಕಡಿತಗೊಳಿಸುವ ಪ್ರಸ್ತಾಪ ಯಾವ ಶಿಬಿರದಲ್ಲಿ ಬಂದರೂ ದಯವಿಟ್ಟು ಒಪ್ಪಬೇಡಿ. ಮ್ಯಾನ್ಮಾರಿನ ಸರ್ಕಾರಿ ಮರಸಾಗಣೆ ಆನೆಗಳಿಗೆ ಫೆಬ್ರವರಿ ಮಧ್ಯದಿಂದ ಜೂನ್ ತನಕ ಕೆಲಸಕ್ಕೇ ರಜೆ. ಅಲ್ಲಿನ ಸಾವಿರಕ್ಕೂ ಹೆಚ್ಚು ಆನೆಗಳ ದಾಖಲೆ ಪುಸ್ತಕಗಳನ್ನು ಜಾಲಾಡಿದ ಸಂಶೋಧಕರು ಕಂಡದ್ದೇನೆಂದರೆ, ತಿಂಗಳ ಸರಾಸರಿ ಉಷ್ಣಾಂಶ 23–24 ಡಿಗ್ರಿ ಇದ್ದಾಗ ಆನೆಗಳು ಬದುಕುಳಿಯುವ ಪ್ರಮಾಣ ಹೆಚ್ಚು, ಅದನ್ನು ಮೀರಿದಂತೆ ಸಾವು ಜಾಸ್ತಿ. ಹಗಲು ರಾತ್ರಿ ಸೇರಿದ ಸರಾಸರಿ ಅದು. ನಮ್ಮ ಬಯಲುಸೀಮೆಯ ಏಪ್ರಿಲ್ ಅದಕ್ಕಿಂತ ಎಷ್ಟು ಮೇಲಿದೆ ಎಂದು ನಿಮಗೆ ಹೇಳಬೇಕಿಲ್ಲ.

ಈಗ ಊರೊಳಗಿನ ಆನೆಮನೆಗೆ ಬರೋಣ. ಸಾಮಾನ್ಯವಾಗಿ ಕಾಣುವುದು: ಮೂರು ಕಡೆ ಕಲ್ಲು ಅಥವಾ ಸಿಮೆಂಟ್ ಗೋಡೆ, ಮೇಲೆ ತಗಡು, ಕೆಳಗೆ ಕಾಂಕ್ರೀಟ್ ಇಲ್ಲವೇ ಹಾಸುಗಲ್ಲು. ಎಂಟಡಿ ಎತ್ತರದ ಹೆಣ್ಣಾನೆಗೆ ಹನ್ನೆರಡು ಅಡಿಗೆ ತಗಡು ಹೊದಿಸಿದರೆ ಬೆನ್ನಿಗೂ ಕಾದ ತಗಡಿಗೂ ನಡುವೆ ನಾಲ್ಕೇ ಅಡಿ. ಬಿಸಿಲಿನಲ್ಲಿ ಅರವತ್ತು ಡಿಗ್ರಿ ದಾಟುವ ತಗಡು ಬೆನ್ನ ಮೇಲೆ ಶಾಖ ಸುರಿಯುತ್ತಲೇ ಇರುತ್ತದೆ. ಅದು ನೆರಳು ಹೌದು, ತಂಪಂತೂ ಅಲ್ಲ. ಆದರೂ ತಗಡಿನದು ಹಗಲಿನ ಕಾಟ ಮಾತ್ರ. ತೆಳುವಾದ್ದರಿಂದ ಸಂಜೆ ಬೇಗ ಆರುತ್ತದೆ. ಕಲ್ಲು, ಕಾಂಕ್ರೀಟ್ ಆರುವುದಿಲ್ಲ. ಹಗಲೆಲ್ಲ ಹೀರಿದ್ದನ್ನು ಅವು ನಡುರಾತ್ರಿಯವರೆಗೂ ಬಿಡುತ್ತಿರುತ್ತವೆ, ಆನೆ ತಣಿಯಬೇಕಾದ ಅದೇ ಹೊತ್ತಿನಲ್ಲಿ. ಹಂಪಿಯಂಥ ಊರಿನಲ್ಲಿ ಸುತ್ತಲಿನ ಬಂಡೆಗಳೇ ಈ ಕೆಲಸ ಮಾಡುವಾಗ ಗೋಡೆಯನ್ನೂ ಸೇರಿಸುವುದು ಬೇಡ.

ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಗೋಡೆ ಇರುವಲ್ಲಿ ಗಾಳಿ ಬೀಸುವ ಎದುರುಬದುರಿನ ಎರಡು ಕಡೆ ಒಡೆದು ಕಂಬ, ಅಡ್ಡಪಟ್ಟಿ ನಿಲ್ಲಿಸಿ. ಮಾಡು ಹದಿನೆಂಟು ಅಡಿಗಿಂತ ಕೆಳಗಿರಬಾರದು. ತಗಡು ತೆಗೆಯಲಾಗದಿದ್ದರೆ ಹೊರಮೈಗೆ ದಪ್ಪಗೆ ಸುಣ್ಣ ಬಳಿದು, ಒಳಗೆ ಒಂದಡಿ ಗಾಳಿಯ ಸಂದು ಬಿಟ್ಟು ಬಿದಿರು ತಟ್ಟಿ ಕಟ್ಟಿ. ಸುಣ್ಣ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಪ್ರತಿ ಫೆಬ್ರವರಿಯಲ್ಲೂ ಹೊಸದಾಗಿ ಬಳಿಯಲೇಬೇಕು. ನೆಲದಲ್ಲಿ ಕನಿಷ್ಠ ಅರ್ಧದಷ್ಟು ಕಾಂಕ್ರೀಟ್ ಕಿತ್ತು ಒಂದಡಿ ಆಳಕ್ಕೆ ಮರಳು ಬೆರೆತ ಮಣ್ಣು ತುಂಬಿ. ಮೂತ್ರ ನಿಂತರೆ ಪಾದ ಕೊಳೆಯುತ್ತದೆ ಎಂಬ ಆಕ್ಷೇಪ ಬರುತ್ತದೆ, ನಿಜವೂ ಹೌದು. ಅದಕ್ಕೆ ಇಳಿಜಾರು ಕೊಡಿ, ಒದ್ದೆಯಾದ ಮಣ್ಣನ್ನು ವಾರಕ್ಕೊಮ್ಮೆ ಬದಲಿಸಿ. ಎಲ್ಲಕ್ಕೂ ಮುಖ್ಯವಾಗಿ, ಹಗಲಿನ ಜಾಗ ಬೇರೆ, ರಾತ್ರಿಯ ಜಾಗ ಬೇರೆ ಇರಲಿ. ರಾತ್ರಿ ಆನೆ ಮಾಡಿನ ಕೆಳಗೇ ಇರಬೇಕೆಂದೇನಿಲ್ಲ. ಮೋಡವಿಲ್ಲದ ರಾತ್ರಿ ಬಯಲಿನಲ್ಲಿ ನಿಂತ ಮೈ ಆಕಾಶಕ್ಕೇ ಶಾಖ ಬಿಟ್ಟುಕೊಡುತ್ತದೆ. ಮಾಡು ಅದನ್ನು ತಡೆಯುತ್ತದೆ. ಬೇಲಿ ಹಾಕಿದ ಮಣ್ಣಿನ ಅಂಗಳ ಸಾಕು, ಸರಪಳಿ ಮಲಗಲೂ ತಿರುಗಲೂ ಬಿಡುವಷ್ಟು ಉದ್ದವಿರಲಿ. ಮದ ಬಂದ ಗಂಡಾನೆಯನ್ನು ವಾರಗಟ್ಟಲೆ ಒಂದೇ ಕಡೆ ಕಟ್ಟಬೇಕಾದಾಗ ಈ ಮಾತು ಎರಡು ಪಟ್ಟು ಅನ್ವಯ, ಯಾಕೆಂದರೆ ಆಗ ಅದನ್ನು ನೆರಳಿನಿಂದ ನೆರಳಿಗೆ ಬದಲಿಸಲೂ ಆಗುವುದಿಲ್ಲ. ಹಗಲಿನ ನೆರಳಿಗೆ ಮರ ನೆಡುವವರು ತೇಗ ನೆಡಬೇಡಿ. ಬೇಸಿಗೆಗೆ ಸರಿಯಾಗಿ ಎಲೆ ಉದುರಿಸಿ ನಿಲ್ಲುತ್ತದೆ. ಹೊಂಗೆ ಬೇಸಿಗೆಯಲ್ಲೇ ಚಿಗುರಿ ದಟ್ಟವಾಗುತ್ತದೆ. ಮಾವು, ನೇರಳೆ, ಆಲವೂ ಸರಿ.

ನೀರಿನ ವಿಷಯದಲ್ಲಿ ಆಗುವ ತಪ್ಪು ಕಡಿಮೆ ಕೊಡುವುದಕ್ಕಿಂತ ಕೊಡುವ ಕ್ರಮದ್ದು. ಇಪ್ಪತ್ತೈದು ಡಿಗ್ರಿಯ ಒಂದು ಲೀಟರ್ ನೀರು ಆನೆಯ ಮೈಮೇಲೆ ಹರಿದು ಮೂವತ್ತೈದು ಡಿಗ್ರಿಗೆ ಬೆಚ್ಚಗಾಗಿ ನೆಲಕ್ಕೆ ಬಿದ್ದರೆ ಅದು ಹೊತ್ತೊಯ್ಯುವುದು 42 ಕಿಲೋಜೂಲ್. ಅದೇ ಲೀಟರ್ ಮೈಮೇಲೇ ಆವಿಯಾದರೆ ಸುಮಾರು 2,400. ಅಂದರೆ ಪೈಪ್ ಹಿಡಿದು ಅರ್ಧ ಗಂಟೆ ತೊಳೆದು ಚರಂಡಿಗೆ ಬಿಟ್ಟ ನೀರಿನ ಬಹುಪಾಲು ವ್ಯರ್ಥ. ಕೆಲಸ ಮಾಡುವುದು ಕೊನೆಯಲ್ಲಿ ಚರ್ಮದ ಸುಕ್ಕುಗಳಲ್ಲಿ ಉಳಿದ ಮೂರು ನಾಲ್ಕು ಲೀಟರ್ ಅಷ್ಟೆ, ಅದೂ ಗಾಳಿ ಆಡುತ್ತಿದ್ದರೆ. ಹಾಗಾಗಿ ಬೆಳಗ್ಗೆ ಒಂದು, ಸಂಜೆ ಒಂದು ದೀರ್ಘ ಸ್ನಾನವಾದ ಮೇಲೂ ಹನ್ನೊಂದರಿಂದ ನಾಲ್ಕರವರೆಗೆ ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಮೈ ನೆನೆಸಿ: ಕಿವಿಯ ಹಿಂಭಾಗ, ಪಕ್ಕೆ, ಹೊಟ್ಟೆಯ ಕೆಳಗೆ, ಕಾಲುಗಳ ಒಳಬದಿ. ರಾತ್ರಿ ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ನೆನೆಸಿದರೆ ಇನ್ನೂ ಲಾಭ, ಮೈಯನ್ನು ಮತ್ತೆ ಕಾಯಿಸುವ ಬಿಸಿಲು ಆಗ ಇರುವುದಿಲ್ಲ. ಕೆಸರು ನೀರಿಗಿಂತ ಒಂದು ಕೈ ಮೇಲು. ತೇವವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲನ್ನೂ ನೊಣವನ್ನೂ ತಡೆಯುತ್ತದೆ. ಭಕ್ತರ ಕಣ್ಣಿಗೆ ಆನೆ ಶುಭ್ರವಾಗಿ ಕಾಣಬೇಕೆಂದು ಕೆಸರನ್ನು ಒಡನೆಯೇ ಉಜ್ಜಿ ತೆಗೆಯುವ ಚಾಳಿ ಬಿಡಿಸಬೇಕಾದದ್ದು ಆಡಳಿತ ಮಂಡಳಿಯೇ. ಮಾವುತನಿಗೆ ಆ ಅಧಿಕಾರ ಇರುವುದಿಲ್ಲ. ಎಣ್ಣೆ ಹಚ್ಚುವುದಿದ್ದರೆ ಅದು ಬಿಸಿಲೇರುವ ಮೊದಲಿನ ಕೆಲಸ ಆಗಬಾರದು.

ಕರಾವಳಿಯ ದೇವಸ್ಥಾನಗಳಿಗೆ ಮೇಲಿನ ಲೆಕ್ಕ ಪೂರ್ತಿ ಹೊಂದದು. ಅಲ್ಲಿ ಉಷ್ಣಾಂಶ 34 ದಾಟದಿದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ, ನೀರು ಸುಲಭವಾಗಿ ಆವಿಯಾಗುವುದಿಲ್ಲ. ಮಂಜಿನಂತೆ ಹನಿಸುವ ಸ್ಪ್ರಿಂಕ್ಲರ್‌ಗಳನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಹಾಕಿದರೆ ಕೊಟ್ಟಿಗೆ ಹಬೆಮನೆ ಆಗುತ್ತದೆ. ಅಲ್ಲಿ ಬೇಕಿರುವುದು ಎರಡು: ದೊಡ್ಡ ಫ್ಯಾನಿನ ಗಾಳಿ, ಮತ್ತು ಹೊಳೆಯಲ್ಲೋ ಕೆರೆಯಲ್ಲೋ ಮೈ ಮುಳುಗುವಂತೆ ಮಲಗಿಸಿ ಒಂದು ಗಂಟೆ ಬಿಡುವುದು. ಮುಳುಗಿದಾಗ ಆವಿಯ ಹಂಗಿಲ್ಲ, ಶಾಖ ನೇರ ನೀರಿಗೇ ಹೋಗುತ್ತದೆ. ಬಳ್ಳಾರಿ ಕಡೆಗೆ ಬರೆದ ಆದೇಶವನ್ನೇ ದಕ್ಷಿಣ ಕನ್ನಡಕ್ಕೂ ಕಳಿಸಬೇಡಿ ಎಂದು ಇದಕ್ಕೇ ಕೇಳುತ್ತಿದ್ದೇವೆ.

ಮೆರವಣಿಗೆ. ಕೇರಳ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಸಾರ್ವಜನಿಕ ರಸ್ತೆಯಲ್ಲಿ ಆನೆ ಮೆರವಣಿಗೆ ಬೇಡ ಎಂದಿತು; ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನಗಳಿಗೆ ತಡೆ ನೀಡಿತು. ಕಾನೂನಿನ ವಾದ ಏನೇ ಇರಲಿ, ಗಡಿಯಾರ ನೋಡುವುದಕ್ಕಿಂತ ನೆಲ ಮುಟ್ಟಿ ನೋಡುವುದು ಮೇಲು ಎಂಬುದು ನಮ್ಮ ನಿಲುವು. ಏಪ್ರಿಲ್‌ನಲ್ಲಿ ಐದು ಗಂಟೆಗೂ ಡಾಂಬರು ಸುಡುತ್ತಲೇ ಇರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನಿಧಾನವಾಗಿ ಹತ್ತು ಎಣಿಸಿ. ಆಗದಿದ್ದರೆ ಆನೆಯನ್ನು ಇಳಿಸಬೇಡಿ. ಪಾದದಡಿ ಗಟ್ಟಿ ಚರ್ಮ ಇದೆಯಲ್ಲ ಎನ್ನುವವರಿಗೆ: ಬಿಸಿ ನೆಲದಲ್ಲಿ ಆ ಚರ್ಮ ಒಣಗಿ ಸೀಳುತ್ತದೆ, ಸೀಳಿನಲ್ಲಿ ಹರಳು ಹೊಕ್ಕು ಕೀವಾಗುತ್ತದೆ, ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ. ಹಣೆಪಟ್ಟಿ, ಬೆನ್ನಿನ ಗಾದಿ, ಪಕ್ಕೆಗೆ ಇಳಿಬಿಟ್ಟ ಜರಿ ವಸ್ತ್ರ ಇವೆಲ್ಲ ಶಾಖ ಹೊರಹೋಗುವ ಜಾಗಗಳನ್ನೇ ಮುಚ್ಚುತ್ತವೆ. ಮೈಸೂರು ದಸರಾ ಆನೆಗಳ ತಾಲೀಮು ಬೆಳಗ್ಗೆ ಮತ್ತು ಸಂಜೆ ನಡೆಯುವುದು ಸರಿಯಾದ ಕ್ರಮ. ಜಂಬೂಸವಾರಿಯ ದಿನ ಮಾತ್ರ 750 ಕೆಜಿ ಅಂಬಾರಿ, ಅದರ ಕೆಳಗಿನ ನಮ್ದಾ (ಬೆನ್ನಿಗೆ ಕಟ್ಟುವ ದಪ್ಪ ಹೊದಿಕೆ), ಗಾದಿ ಎಲ್ಲ ಹೊತ್ತು ಸುಮಾರು ಐದು ಕಿಲೋಮೀಟರ್ ನಡೆಯಬೇಕು. ಅಂದು ನಮ್ದಾ ಕಟ್ಟುವ ಮುನ್ನ ಕೊನೆಯ ಸಲ ಮೈ ನೆನೆಸುವುದು, ಹೊರಡುವ ಹೊತ್ತು ತಡವಾದರೆ ಆನೆಯನ್ನು ನೆರಳಲ್ಲೇ ಕಾಯಿಸುವುದು, ದಾರಿಯುದ್ದಕ್ಕೂ ಡಾಂಬರಿಗೆ ನೀರು ಹಾಕುವುದು ಲಿಖಿತ ನಿಯಮ ಆಗಲಿ.

ಮೇವಿನ ಬಗ್ಗೆ ಎರಡೇ ಮಾತು. ನಾರು ಮೇವು ಕರುಳಿನಲ್ಲಿ ಹುದುಗುವಾಗಲೂ ಶಾಖ ಹುಟ್ಟುತ್ತದೆ, ಆದ್ದರಿಂದ ಹಸಿಮೇವಿನ ದೊಡ್ಡ ಪಾಲು ಸಂಜೆಯ ನಂತರಕ್ಕಿರಲಿ. ಮಧ್ಯಾಹ್ನ ಕುಸುರೆ (ಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಕಟ್ಟಿದ ಮೇವು), ಮುದ್ದೆ ಬೇಡ. ಬೇಸಿಗೆಯಲ್ಲಿ ಒಣಹುಲ್ಲೇ ಗತಿಯಾದರೆ ನೆನೆಸಿ ಕೊಡಿ, ಇಲ್ಲದಿದ್ದರೆ ಹೊಟ್ಟೆ ಕಟ್ಟುತ್ತದೆ.

ಲದ್ದಿಯಂಥ ನಂಬಿಕಸ್ಥ ವರದಿಗಾರ ಬೇರೆ ಇಲ್ಲ. ಉಂಡೆ ಒಣಗಿ ಗಟ್ಟಿಯಾಗಿದ್ದರೆ, ಹಾಕುವ ಸಲ ಕಡಿಮೆಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಮೈಯುಷ್ಣ ತಿಳಿಯಲು ಆನೆಯ ಹಿಂದೆ ಹೋಗಿ ಅಪಾಯ ತಂದುಕೊಳ್ಳಬೇಕಿಲ್ಲ. ಆಗಷ್ಟೇ ಬಿದ್ದ ದೊಡ್ಡ ಉಂಡೆಯ ನಡುಮಧ್ಯಕ್ಕೆ ಡಿಜಿಟಲ್ ಥರ್ಮಾಮೀಟರ್ ಚುಚ್ಚಿ, ಅಂಕಿ ಏರುವುದು ನಿಂತಾಗ ಬರೆದುಕೊಳ್ಳಿ. ಐದು ನಿಮಿಷ ತಡವಾದರೆ ಉಂಡೆ ಆರಿ ಅಂಕಿ ಸುಳ್ಳು ಹೇಳುತ್ತದೆ. 36ರಿಂದ 37 ಸಹಜ. 38ರತ್ತ ಹೋದರೆ ಅಂದಿನ ಎಲ್ಲ ಕೆಲಸ ಬಂದ್. ಇದಕ್ಕೂ ಮುಂಚೆ ಕಣ್ಣಿಗೆ ಕಾಣುವ ಸೂಚನೆಗಳಿವೆ. ಕಿವಿ ಬೀಸುವ ವೇಗ ಏರುತ್ತದೆ. ಹತ್ತಿರ ನೀರಿಲ್ಲದಿದ್ದರೆ ಸೊಂಡಿಲನ್ನು ಬಾಯೊಳಗೆ ಇಳಿಸಿ ಗಂಟಲ ಚೀಲದ ನೀರು ಎಳೆದುಕೊಂಡು ಕಿವಿಯ ಹಿಂದೆ, ಎದೆಗೆ ಚಿಮುಕಿಸಿಕೊಳ್ಳುತ್ತದೆ. ಅದನ್ನು ಆಟ ಎಂದು ಫೋಟೊ ತೆಗೆಯುವವರು ಬಹಳ. ಅದು ಆನೆ ಕೇಳುತ್ತಿರುವ ಸಹಾಯ. ಬೀಸುತ್ತಿದ್ದ ಕಿವಿ ಬಿಸಿಲಿನಲ್ಲೇ ನಿಂತುಹೋದರೆ, ಸೊಂಡಿಲು ನೆಲಕ್ಕೆ ಜೋತುಬಿದ್ದರೆ ಸಮಯ ಮೀರುತ್ತಿದೆ.

ಆಗ ನಡೆಸಿಕೊಂಡು ಹೋಗಬೇಡಿ. ನಿಂತಲ್ಲೇ ನೆರಳು ಕಟ್ಟಿ. ಕಿವಿಯ ಹಿಂದೆ, ಹೊಟ್ಟೆಯಡಿ ನೀರು, ಜೊತೆಗೆ ಗಾಳಿ. ಒದ್ದೆ ಗೋಣಿ ಹೊದಿಸಿ ಬಿಟ್ಟುಬಿಡುವುದು ಕೆಟ್ಟ ಅಭ್ಯಾಸ: ಹತ್ತು ನಿಮಿಷದಲ್ಲಿ ಗೋಣಿ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ತಾನಾಗಿ ಕುಡಿಯದ ಆನೆಯ ಬಾಯಿಗೆ ಪೈಪ್ ತುರುಕಬೇಡಿ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಎದೆಯ ಮೇಲೆ ಕುಸಿದಿದ್ದರೆ ಪಕ್ಕಕ್ಕೆ ಹೊರಳಿಸಲೇಬೇಕು. ಆನೆಯ ಉಸಿರಾಟ ಎದೆಗೂಡಿನ ಚಲನೆಯನ್ನೇ ನೆಚ್ಚಿದೆ, ತನ್ನ ತೂಕವೇ ಅದನ್ನು ಅದುಮುತ್ತದೆ.

ಇದೇ ಕಾರಣಕ್ಕೆ ಹಾಸನ, ಕೊಡಗಿನ ಪುಂಡಾನೆ ಸೆರೆ ಕಾರ್ಯಾಚರಣೆಗಳ ಬಗ್ಗೆಯೂ ಹೇಳಬೇಕಿದೆ. ಅರಿವಳಿಕೆ ಚುಚ್ಚುಮದ್ದು ತಗುಲಿ ಓಡಿದ ಆನೆ ಮೈತುಂಬ ಬಿಸಿ ತುಂಬಿಕೊಂಡಿರುತ್ತದೆ. ಮದ್ದು ಏರಿದಾಗ ಕಿವಿ ಬೀಸುವುದು ನಿಲ್ಲುತ್ತದೆ. ಇದಕ್ಕೆ ಬಳಸುವ ಝೈಲಜೀನ್ ಗುಂಪಿನ ಅರಿವಳಿಕೆ ಮದ್ದು ಮೈಯುಷ್ಣ ಹತೋಟಿಯನ್ನೇ ಕೆಡಿಸುತ್ತದೆ. ಮೂರೂ ಒಟ್ಟಿಗೆ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಮದ್ದು ಹಾರಿಸಬಾರದು, ಅಷ್ಟರಲ್ಲಿ ಸಿಗದಿದ್ದರೆ ಮಾರನೆ ದಿನ ನೋಡಿಕೊಂಡರಾಯಿತು. ತಂಡದೊಂದಿಗೆ ಸಾವಿರ ಲೀಟರಿನ ಟ್ಯಾಂಕರ್, ಬೆನ್ನಿಗೆ ಹೊರುವ ಸಿಂಪಡಣೆ ಕ್ಯಾನ್‌ಗಳು ಇರಲಿ. ಲಾರಿಯ ಕಬ್ಬಿಣದ ಹಾಸಿಗೆ ಮೇಲೆ ಒದ್ದೆ ಮರಳು ಹರಡಿ ರಾತ್ರಿಯೇ ಸಾಗಿಸಿ. ರಾಜಕಾರಣಿಗಳ ಮತ್ತು ಊರವರ ಒತ್ತಡದಿಂದ ಮಧ್ಯಾಹ್ನ ಕಾರ್ಯಾಚರಣೆ ಮುಂದುವರಿಸಬೇಕಾದ ಸ್ಥಿತಿ ಸ್ಥಳದ ಅಧಿಕಾರಿಗೆ ಬರಬಾರದು. ನಿಮ್ಮ ಲಿಖಿತ ಆದೇಶವಿದ್ದರೆ ಆತ ಅದನ್ನು ತೋರಿಸಿ ನಿಲ್ಲಿಸಬಹುದು.

ಕಾಡಾನೆಗಳ ಕಥೆ ಬೇರೆ ಪತ್ರಕ್ಕೇ ಆಗುವಷ್ಟಿದೆ. 2023ರ ಗಣತಿಯಲ್ಲಿ ರಾಜ್ಯದಲ್ಲಿ ಎಣಿಸಿದ 6,395 ಆನೆಗಳಿಗೆ ಕೊಟ್ಟಿಗೆ ಕಟ್ಟಲಾಗದು, ನೆರಳು ಉಳಿಸಬಹುದು. ಕಾಡು ಎಲೆ ಉದುರಿಸಿ ಬೆಂಕಿಗೆ ಕಾದು ನಿಂತಾಗ ಪಕ್ಕದ ಕಾಫಿ ತೋಟದಲ್ಲಿ ದಟ್ಟ ನೆರಳೂ ಕೆರೆಯೂ ಹಲಸೂ ಇದ್ದರೆ ಆನೆ ಹಗಲು ಎಲ್ಲಿ ನಿಲ್ಲುತ್ತದೆ? ತೋಟದ ಆನೆ ಸಮಸ್ಯೆಯನ್ನು ಬರೀ ಹೊಟ್ಟೆಯ ವಿಷಯವೆಂದು ನೋಡಿದರೆ ಅರ್ಧವೇ ಕಾಣುತ್ತದೆ. ಹಳೆಯ ತೇಗದ ನೆಡುತೋಪುಗಳ ನಡುವೆ, ತೊರೆಯ ದಂಡೆಗಳಲ್ಲಿ ನಿತ್ಯಹಸಿರು ಮರಗಳು ಮತ್ತೆ ಬೆಳೆಯಲು ಬಿಡುವುದು ಇದಕ್ಕೆ ನಿಧಾನದ ಮದ್ದು. ಕೆರೆಗಳ ಬಗ್ಗೆ ಎರಡು ಎಚ್ಚರಿಕೆ. ಹೂಳೆತ್ತುವಾಗ ಜೆಸಿಬಿಯವರು ಆಳ ತೋಡಿ ತಳದ ಜೇಡಿ ಪದರ ಒಡೆದರೆ ಮುಂದೆ ನೀರೇ ನಿಲ್ಲದು. ಹೂಳು ಮಾತ್ರ ತೆಗೆಯಬೇಕು. ಸಿಮೆಂಟ್ ತೊಟ್ಟಿ ಕಟ್ಟಿದರೆ ಒಂದು ಬದಿ ಮರಿ ಹತ್ತಿ ಬರುವಂತೆ ಇಳಿಜಾರಿರಲಿ, ಕಡಿದಾದ ಗೋಡೆಯ ತೊಟ್ಟಿ ಮರಿಗಳಿಗೆ ಬೋನು. ಬೆಚ್ಚಗೆ ನಿಂತ ನೀರು ಹಸಿರು ಪಾಚಿ ಕಟ್ಟಿದರೆ ಖಾಲಿ ಮಾಡಿಸಿ. 2020ರಲ್ಲಿ ಬೋಟ್ಸ್ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ಬೊಟ್ಟು ಮಾಡಿದ್ದು ನೀರಿನಲ್ಲಿ ಬೆಳೆದ ನೀಲಿಹಸಿರು ಪಾಚಿಯ ವಿಷದತ್ತ.

ನಮ್ಮ ಕೋರಿಕೆ ಇಷ್ಟು. ಫೆಬ್ರವರಿ 15ರೊಳಗೆ ರಾಜ್ಯದ ಪ್ರತಿಯೊಂದು ಸಾಕಾನೆಯ ರಾತ್ರಿ ತಂಗುವ ಜಾಗವನ್ನು ಪಶುವೈದ್ಯರೊಬ್ಬರು ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಲಿ. ಹಗಲು ಹೋದರೆ ಸುಣ್ಣ ಬಳಿದದ್ದು ಕಾಣುತ್ತದೆ, ಗೋಡೆಯ ಬಿಸಿ ಗೊತ್ತಾಗುವುದಿಲ್ಲ. ಮಾರ್ಚ್ ಒಂದರಿಂದ ಮುಂಗಾರು ಹಿಡಿಯುವವರೆಗೆ ಬೆಳಗಿನ ಆರು ಮತ್ತು ಸಂಜೆಯ ಆರರ ಆಸುಪಾಸಿನ ಲದ್ದಿಯ ಉಷ್ಣಾಂಶ, ಆ ರಾತ್ರಿಯ ಗಾಳಿಯ ಕನಿಷ್ಠ ಉಷ್ಣಾಂಶ, ಕುಡಿದ ನೀರು ಈ ಮೂರನ್ನು ಒಂದು ಪುಸ್ತಕದಲ್ಲಿ ಮಾವುತ ಅಥವಾ ಕಾವಾಡಿ ಬರೆಯಲಿ, ಬರೆಯುವ ಕೆಲಸಕ್ಕೆ ಅವರಿಗೆ ಭತ್ಯೆ ಸಿಗಲಿ. ಬೆಳಗಿನ ಲದ್ದಿಯ ಅಂಕಿ ಹಿಂದಿನ ಸಂಜೆಯದಕ್ಕಿಂತ ಇಳಿಯದಿದ್ದರೆ ಆ ಆನೆ ರಾತ್ರಿ ತಣಿದಿಲ್ಲ. ಹಾಗೆ ಸತತ ಮೂರು ದಿನ ಕಂಡುಬಂದರೆ ಅದನ್ನು ಹತ್ತಿರದ ಅರಣ್ಯ ಶಿಬಿರಕ್ಕೆ ಮಳೆ ಬರುವ ತನಕ ಸ್ಥಳಾಂತರಿಸುವ ಅಧಿಕಾರ ಜಿಲ್ಲಾ ಮಟ್ಟದ ಅಧಿಕಾರಿಗೆ ಇರಲಿ, ಬೆಂಗಳೂರಿನ ಅನುಮತಿಗೆ ಕಾಯುವಂತಾಗಬಾರದು. ಥರ್ಮಾಮೀಟರ್‌ಗೆ ಕೆಲವು ನೂರು ರೂಪಾಯಿ. ಪುಸ್ತಕಕ್ಕೆ ಅದೂ ಬೇಡ.

ಇಂತಿ,
ಸಾಕಾನೆಗಳ ಆರೈಕೆ ಮತ್ತು ಚಿಕಿತ್ಸೆಯಲ್ಲಿ ತೊಡಗಿರುವವರು